ಬಯಲುಸೀಮೆಯಲ್ಲೊಂದು ತೆಪ್ಪದ ರಿಪೇರಿ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಪೇಟೆಯಲ್ಲಿ ರಿಪೇರಿ ಅಂಗಡಿಗಳಿಗೆ ಬರವಿಲ್ಲ. ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವವರು, ಟ್ರ್ಯಾಕ್ಟರಿನ ನೇಗಿಲಿಗೆ ವೆಲ್ಡಿಂಗ್ ಹೊಡೆಯುವವರು, ಪಂಕ್ಚರ್ ಹಾಕುವವರು, ಮೊಬೈಲಿನ ಒಡೆದ ಗಾಜು ಬದಲಿಸುವವರು ಎಲ್ಲರೂ ಸಿಗುತ್ತಾರೆ. ದೋಣಿ ರಿಪೇರಿ ಎಲ್ಲಿ ಎಂದು ಕೇಳಿದರೆ ಮಾತ್ರ ಕೇಳಿದವನ ಮುಖವನ್ನೇ ನೋಡಿಯಾರು. ತೆಂಗು, ರಾಗಿ, ಹುರುಳಿಯ ಸೀಮೆ ಇದು. ಎಷ್ಟು ಅಡಿಗೆ ನೀರು ಬಿತ್ತು ಎನ್ನುವುದೇ ಇಲ್ಲಿ ಕುಶಲೋಪರಿ. ಕೆರೆ ತುಂಬಿ ಕೋಡಿ ಬಿದ್ದ ವರ್ಷವನ್ನು ಮಕ್ಕಳು ಹುಟ್ಟಿದ ವರ್ಷದ ಲೆಕ್ಕ ಹೇಳಲು ಬಳಸುತ್ತಾರೆ. ಪಕ್ಕದ ಬೂದಿಹಾಳಿನ ಕೋಟೆ ನೋಡಲು ಬಂದವರಿಗೂ ಇಲ್ಲಿ ಮೊದಲು ಕಾಣುವುದು ಕಲ್ಲು, ಬಿಸಿಲು, ತೆಂಗಿನ ಸಾಲು.

ಆದರೆ ಇದೇ ಹೊಸದುರ್ಗ ತಾಲ್ಲೂಕಿನ ಮೂಡಣಕ್ಕೆ, ಮತ್ತೋಡು ಹೋಬಳಿಯ ಆಚೆಗೆ ಹೋದರೆ ಕಣ್ಣು ಹಾಯುವಷ್ಟು ನೀರಿದೆ. ಅದು ವಾಣಿವಿಲಾಸ ಸಾಗರದ ಹಿನ್ನೀರು. ಹಳಬರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. ಅಣೆಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ತುಂಬಿದಾಗ ನೀರು ಹಿಂದಕ್ಕೆ ಚಾಚಿಕೊಳ್ಳುವುದು ಹೊಸದುರ್ಗದವರ ಹೊಲಗಳ ಮೇಲೆ. ನೀರಾವರಿ ಅವರಿಗೆ, ಮುಳುಗಡೆ ನಮಗೆ ಎಂಬ ಗೊಣಗಾಟ ಈ ಕಡೆಯ ಚಹಾದಂಗಡಿಗಳಲ್ಲಿ ಯಾವಾಗಲೂ ಕೇಳುತ್ತದೆ.

ಆ ಹಿನ್ನೀರಿನ ಹಳ್ಳಿಯೊಂದಕ್ಕೆ ಹೋಗಲು ನನಗೆ ನೆಪವಾದದ್ದು ತೆಂಗಿನ ನಾರು. ಶ್ರೀರಾಂಪುರದಲ್ಲಿ ನಾರಿನ ಹಗ್ಗದ ವ್ಯಾಪಾರ ಮಾಡುವ ಗೆಳೆಯನಿಗೆ ಹಿನ್ನೀರಿನ ಕಡೆಯ ಮೀನುಗಾರ ಯಜಮಾನರೊಬ್ಬರು ಫೋನ್ ಮಾಡಿದ್ದರು. ಅವರಿಗೆ ಬೇಕಾಗಿದ್ದುದು ಮಿಷನ್ ಹಗ್ಗ ಅಲ್ಲ, ಕೈಯಲ್ಲಿ ಹೊಸೆದ ಸಣ್ಣ ಹುರಿ. ಯಾಕೆ ಎಂದು ಇವನು ಕೇಳಿದ್ದಕ್ಕೆ, "ಹಳೇ ತೆಪ್ಪ ಒಂದೈತೆ, ಬಾಯಿ ಕಟ್ಬೇಕು ಕಣಣ್ಣ" ಎಂಬ ಉತ್ತರ ಬಂತು. ತೆಪ್ಪಕ್ಕೆ ಬಾಯಿ ಕಟ್ಟುವುದನ್ನು ನೋಡುವ ಆಸೆಗೆ ನಾನೂ ಅವನ ಲಗೇಜ್ ಆಟೋ ಹತ್ತಿದೆ.

ಶಿವರಾತ್ರಿ ಕಳೆದ ದಿನಗಳು. ರಸ್ತೆಯ ಎರಡೂ ಬದಿಗೆ ತೋಟ, ತೋಟದ ನಡುವೆ ಕೊಬ್ಬರಿ ಅಟ್ಟದ ಮನೆಗಳು, ದೂರದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು. ಮತ್ತೋಡಿನಲ್ಲಿ ಚಹಾ ಕುಡಿದೆವು. ಈ ಊರಿನ ಹೆಸರು 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿದೆ. ಇಲ್ಲಿ ಕುಲುಮೆ ಹೂಡಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದವರ ಕೆಲಸವನ್ನು ಅವನು ಬಿಡಿಸಿ ಬಿಡಿಸಿ ಬರೆದುಕೊಂಡಿದ್ದಾನೆ. ಆ ಕುಲುಮೆಗಳು ಈಗ ಪುಸ್ತಕದಲ್ಲಷ್ಟೇ ಇವೆ. ಒಂದು ಊರಿನ ಕೈಕೆಲಸ ಅಳಿದ ಮೇಲೆ ಅದರ ವಿವರ ತಿಳಿಯಲು ಸ್ಕಾಟ್‌ಲೆಂಡಿನ ವೈದ್ಯನೊಬ್ಬನ ಟಿಪ್ಪಣಿಗೆ ಕೈಚಾಚಬೇಕಾದ ಸ್ಥಿತಿ ನನಗೇನೂ ಹೆಮ್ಮೆ ತರಲಿಲ್ಲ. ತೆಪ್ಪದ ಕೆಲಸವನ್ನಾದರೂ ಬದುಕಿರುವಾಗಲೇ ನೋಡಿಬಿಡೋಣ ಎಂಬ ಹುರುಪು ಅಲ್ಲಿಯೇ ಹೆಚ್ಚಿತು.

ವೇದಾವತಿಯ ಕಥೆ ಹೇಳದೆ ಈ ತೆಪ್ಪದ ಕಥೆ ಸಾಗುವುದಿಲ್ಲ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕನ್ನು ದಾಟಿ ಮಾರಿಕಣಿವೆಯ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಹಾದುಹೋಗುವಾಗ ಅದನ್ನು ತಡೆದು ನಿಲ್ಲಿಸಲು ಮೈಸೂರು ಸಂಸ್ಥಾನ 1898ರಲ್ಲಿ ಕೆಲಸ ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದರು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಕಟ್ಟೆ ಮುಗಿದದ್ದು 1907ರಲ್ಲಿ. ಸಿಮೆಂಟ್ ಇಲ್ಲ, ಕಲ್ಲು ಮತ್ತು ಸುರ್ಕಿ ಗಾರೆ. ಐದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಜಲಾನಯನ ಪ್ರದೇಶ, 30 ಟಿಎಂಸಿ ದಾಟಿದ ಹೊಟ್ಟೆ, 130 ಅಡಿಯ ತುಂಬು ಮಟ್ಟ.

ಆ ಹೊಟ್ಟೆ ತುಂಬಿದ್ದು ಮಾತ್ರ ಅಪರೂಪಕ್ಕೆ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಎರಡು ತಲೆಮಾರು ಕೋಡಿಯನ್ನು ಕತೆಯಾಗಿ ಕೇಳಿಯೇ ಬದುಕಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಒಳ್ಳೆಯ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ಹಾದು ವೇದಾವತಿಗೆ ಬೀಳಲು ಶುರುವಾದದ್ದು ಇದಕ್ಕೆ ಕಾರಣ. ಬರದ ವರ್ಷಗಳಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಜನ ಉಳುಮೆ ಮಾಡಿಕೊಂಡಿದ್ದರು, ಅಂಚಿನಲ್ಲಿ ತೆಂಗು ಅಡಿಕೆ ಹಾಕಿದ್ದರು. ನೀರು ಬಂದಾಗ ಆ ತೋಟಗಳು ನಿಂತಲ್ಲೇ ಮುಳುಗಿದವು. ಹಿರಿಯೂರಿನಲ್ಲಿ ಬಾಗಿನ, ಇತ್ತ ಹೊಸದುರ್ಗದ ಅಂಚಿನಲ್ಲಿ ಗೋಳು. ಎರಡನ್ನೂ ಒಂದೇ ವಾರದ ಪತ್ರಿಕೆಯಲ್ಲಿ ಓದಿದ ನೆನಪು ನನಗಿದೆ.

ನಾವು ಹೋದ ಮನೆಯ ಯಜಮಾನರಿಗೆ ಎಪ್ಪತ್ತರ ಮೇಲಾಗಿದೆ. ಗಂಗಾಮತಸ್ಥರ ಮನೆ. ಬರದ ಕಾಲದಲ್ಲಿ ಹಿನ್ನೀರು ಊರಿಂದ ಎಷ್ಟೋ ದೂರ ಸರಿದು, ದಂಡೆಯ ಕೆಸರು ದಾಟಿ ನೀರು ಮುಟ್ಟುವುದೇ ಒಂದು ದಿನದ ಕೆಲಸವಾದಾಗ ಅವರು ತೆಪ್ಪವನ್ನು ಮನೆಗೆ ಹೊತ್ತು ತಂದು ಹಿತ್ತಿಲ ಗೋಡೆಗೆ ಒರಗಿಸಿದರಂತೆ. ಮಕ್ಕಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ತೆಪ್ಪ ಕವುಚಿಕೊಂಡು ಮೊದಲು ಕೋಳಿಗಳ ಗೂಡಾಯಿತು, ಆಮೇಲೆ ಸೌದೆಯ ಮುಚ್ಚಳವಾಯಿತು. "ಇವ್ರು ಅದ್ನ ಒಲೆಗ್ ಹಾಕಾಕೂ ಬಿಡ್ಲಿಲ್ಲ" ಎಂದು ಮನೆಯಾಕೆ ನಡುವೆ ಬಾಯಿ ಹಾಕಿದರು. ನೀರು ಬಂದ ಮೇಲೆ ಒಬ್ಬ ಮಗ ಊರಿಗೆ ಮರಳಿದ. ಹೊಸ ಫೈಬರ್ ತೆಪ್ಪ ಕೊಳ್ಳೋಣ ಎಂಬುದು ಅವನ ವಾದ. ಇರುವುದನ್ನು ನೆಟ್ಟಗೆ ಮಾಡಿಕೊಳ್ಳೋಣ ಎಂಬುದು ಅಪ್ಪನದು. ಸದ್ಯಕ್ಕೆ ಅಪ್ಪ ಗೆದ್ದಿದ್ದರು. ಅದಕ್ಕೆ ಕಾರಣ ದುಡ್ಡು ಎಂದು ಮಗ ನನಗೆ ಆಮೇಲೆ ಮೆಲ್ಲಗೆ ಹೇಳಿದ.

ಅಂಗಳದ ಹೊಂಗೆ ಮರದ ನೆರಳಿಗೆ ತೆಪ್ಪವನ್ನು ತಂದು ಕವುಚಿ ಹಾಕಿದ್ದರು. ಮೀನಿಗೆ ಹೋಗುವ ತೆಪ್ಪ ದೊಡ್ಡದೇನಲ್ಲ. ಇಬ್ಬರು ಕೂತು ಬಲೆ ಇಟ್ಟುಕೊಂಡರೆ ಮುಗಿಯಿತು, ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಲ್ಲ. ಅದರ ಮೈಮೇಲೆ ಡಾಂಬರಿನ ಹಳೆಯ ಪದರ ಬಿಸಿಲಿಗೆ ಸೀಳು ಸೀಳಾಗಿ ಒಡೆದಿತ್ತು. ಕೆಲಸ ಶುರುವಾದದ್ದು ಹೆರೆಯುವುದರಿಂದ. ಬೆಳಗಿನ ತಂಪಿನಲ್ಲಿ ಡಾಂಬರು ಗಡುಸಾಗಿರುತ್ತದೆ, ಮಚ್ಚಿನ ಬೆನ್ನಿನಿಂದ ತಟ್ಟಿದರೆ ಹಕ್ಕಳೆಯಾಗಿ ಏಳುತ್ತದೆ. ಬಿಸಿಲೇರಿದರೆ ಅಂಟಾಗಿ ಕೈಗೆ ಮೆತ್ತುತ್ತದೆ. ಹಾಗಾಗಿ ಹೆರೆಯುವುದೆಲ್ಲ ಬೆಳಿಗ್ಗೆ, ಬಳಿಯುವುದೆಲ್ಲ ಮಧ್ಯಾಹ್ನ. ಡಾಂಬರಿನ ಕೆಳಗೆ ಗೊಬ್ಬರದ ಚೀಲಗಳು ಬಂದವು. ಚೀಲದ ಮೇಲಿನ ಕಂಪನಿಯ ಹೆಸರು ಅರ್ಧ ಓದುವಂತಿತ್ತು. ಅದರ ಕೆಳಗೆ ಇನ್ನೊಂದು ಪದರ ಡಾಂಬರು, ಮತ್ತೆ ಚೀಲ. ಎಷ್ಟು ಸಲ ರಿಪೇರಿಯಾಗಿದೆ ಎಂಬ ಲೆಕ್ಕವನ್ನು ಆ ಪದರಗಳೇ ಹೇಳುತ್ತಿದ್ದವು.

ಚೀಲವೆಲ್ಲ ಕಿತ್ತ ಮೇಲೆ ಉಳಿದದ್ದು ಬಿದಿರಿನ ಬುಟ್ಟಿ. ಇಲ್ಲಿ ಯಜಮಾನರು ಮಾತು ನಿಲ್ಲಿಸಿದರು. ಒಂದೊಂದೇ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಸುತ್ತು ಬಂದರು. ಒತ್ತಿದರೆ ಪುಡಿ ಉದುರಿದರೆ ಹುಳ ಹೊಡೆದಿದೆ. ಟಕ್ ಎಂದರೆ ಒಣಗಿ ಸತ್ತಿದೆ, ಬಾಗುವುದಿಲ್ಲ. ಬಾಗಿ ಮತ್ತೆ ನೆಟ್ಟಗಾದರೆ ಇನ್ನೂ ನಾಲ್ಕು ವರ್ಷ ಚಿಂತೆಯಿಲ್ಲ. ತೆಪ್ಪದ ಬುಡದಲ್ಲಿ ದಬ್ಬೆಗಳು ಒಂದರ ಮೇಲೊಂದು ಅಡ್ಡಹಾಯ್ದು ಹೆಣೆದುಕೊಂಡಿರುತ್ತವೆ. ಅಲ್ಲಿಂದ ಮೇಲೆ ಬಾಗಿ ಗೋಡೆಯಾಗುತ್ತವೆ. ಬಾಯಂಚಿನಲ್ಲಿ ಎಲ್ಲ ತುದಿಗಳೂ ದಪ್ಪ ಬಿದಿರಿನ ಬಳೆಯೊಳಗೆ ಬಿಗಿಯಾಗುತ್ತವೆ. ಬುಡ ಕೊಳೆತರೂ ತಾಳುತ್ತೆ, ಬಾಯಿ ಸಡಿಲವಾದರೆ ತಾಳುವುದಿಲ್ಲ ಎಂಬುದು ಅವರ ಲೆಕ್ಕ. ಮೊದಲು ವಿಚಿತ್ರವೆನಿಸಿತು. ಆಮೇಲೆ ಅರ್ಥವಾಯಿತು. ಬುಡದ ತೂತಿಗೆ ನೀರಲ್ಲಿದ್ದಾಗಲೇ ಬಟ್ಟೆ ತುರುಕಿ ದಡ ಸೇರಬಹುದು. ಬಾಯಿಯ ಕಟ್ಟು ಬಿಚ್ಚಿದರೆ ಇಡೀ ಬುಟ್ಟಿಯೇ ಅರಳಿಕೊಳ್ಳುತ್ತದೆ, ಮೇಲಿನ ಚೀಲ ಹರಿಯುತ್ತದೆ.

ನಾರಿನ ಹುರಿಯ ಗುಟ್ಟು ಬಯಲಾದದ್ದು ಇಲ್ಲಿಯೇ. ಹಿಂದಿನ ಸಲ ಮಗ ನೈಲಾನ್ ಹಗ್ಗದಲ್ಲಿ ಬಾಯಿ ಕಟ್ಟಿದ್ದನಂತೆ. ಒಣಗಿದ್ದಾಗ ಎಷ್ಟು ಬಿಗಿದರೂ ನೆನೆದ ಮೇಲೆ ಗಂಟು ಜಾರುತ್ತದೆ, ಬಿಸಿಲಿಗೆ ಎಳೆ ಎಳೆಯಾಗಿ ಪುಡಿಯಾಗುತ್ತದೆ. ತೆಂಗಿನ ನಾರು ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ. ಶ್ರೀರಾಂಪುರದ ಒಣ ತೋಟದ ನಾರು ನೀರಿನೊಳಗೆ ಹೋದ ಮೇಲೆ ಬಲ ತೋರಿಸುವುದನ್ನು ಕೇಳಿ ನನ್ನ ಗೆಳೆಯ ಹುರಿಯ ದರವನ್ನು ಅಲ್ಲೇ ಏರಿಸುತ್ತೇನೆಂದು ತಮಾಷೆ ಮಾಡಿದ. ಯಜಮಾನರು ನಗಲಿಲ್ಲ. ಹುರಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಜಗ್ಗಿ ನೋಡಿ, ಪರವಾಗಿಲ್ಲ ಎಂಬಂತೆ ಬಾನಿಯ ನೀರಿಗೆ ಹಾಕಿದರು.

ಕಷ್ಟ ಇದ್ದದ್ದು ಬಿದಿರಿನಲ್ಲಿ. ಚಿತ್ರದುರ್ಗದಂಥ ಒಣ ಜಿಲ್ಲೆಯಲ್ಲಿ ತೆಪ್ಪಕ್ಕೆ ಒಗ್ಗುವ ಉದ್ದನೆಯ ಗೆಣ್ಣಿನ ಬಿದಿರು ಸುಲಭಕ್ಕೆ ಸಿಗದು. ಮಲೆನಾಡಿನ ಕಡೆಯಿಂದ ಬರಬೇಕು. ಮೊದಲೆಲ್ಲ ಮೇದಾರರು ಲಾರಿಗೆ ತರಿಸುತ್ತಿದ್ದರು, ಅವರ ಬಳಿ ನಾಲ್ಕು ಗಳ ಕೇಳಿ ಪಡೆಯಬಹುದಿತ್ತು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಮೇದಾರರ ಕಸುಬೇ ಬಡವಾಯಿತು, ಗಳ ತರಿಸುವವರೂ ಕಡಿಮೆಯಾದರು. ಕಾಡಿನಾಚೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದು ಹಾಕಲು 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದರು. ರೈತ ತನ್ನ ಹೊಲದಲ್ಲಿ ಬಿದಿರು ಬೆಳೆದು ಮಾರಲಿ ಎಂಬುದು ಅದರ ಉದ್ದೇಶ. ಆದರೆ ಬದುವಿನಲ್ಲಿ ಬಿದಿರು ಹಾಕುವ ಮನಸ್ಸು ನಮ್ಮ ಕಡೆ ಯಾರಿಗೂ ಬಂದಂತಿಲ್ಲ. ನೀರಿದ್ದವನು ಅಡಿಕೆ ಹಾಕುತ್ತಾನೆ, ಇಲ್ಲದವನು ಆಕಾಶ ನೋಡುತ್ತಾನೆ. ಈ ಯಜಮಾನರಿಗೆ ಗಳ ಸಿಕ್ಕಿದ್ದು ತರೀಕೆರೆ ಕಡೆಯ ನೆಂಟರಿಂದ, ಅಡಿಕೆ ಚೀಲದ ಲಾರಿಯ ಮೇಲೆ.

ಬಂದ ಗಳಗಳನ್ನು ಅವರು ಕೂಡಲೇ ಸೀಳಿರಲಿಲ್ಲ. ಹಿನ್ನೀರಿಗೆ ಒಯ್ದು ಕಲ್ಲು ಹೇರಿ ಮುಳುಗಿಸಿಟ್ಟಿದ್ದರು. ಬಿದಿರಿನೊಳಗೆ ಪಿಷ್ಟವಿದೆ, ಹುಳಕ್ಕೆ ಅದೇ ಊಟ. ನೀರಲ್ಲಿ ಕೆಲವು ವಾರ ನೆನೆದರೆ ಅದು ಕರಗಿ ಹೋಗುತ್ತದೆ. ಅಮಾವಾಸ್ಯೆಯ ಕಡೆಗೆ ಕಡಿದ ಬಿದಿರಿಗೆ ಹುಳ ಬೀಳುವುದಿಲ್ಲ ಎಂಬ ನಂಬಿಕೆಯೂ ಅವರಿಗುಂಟು. ನಂಬಿಕೆಯ ಮಾತು ಹೇಗೇ ಇರಲಿ, ನೆನೆಸಿದ ಬಿದಿರು ಸೀಳುವುದನ್ನು ನೋಡಬೇಕು. ಗಳದ ತಲೆಗೆ ಮಚ್ಚು ಇಟ್ಟು ಕಲ್ಲಿನಿಂದ ಒಂದು ಏಟು. ಆಮೇಲೆ ಮಚ್ಚು ತಿರುವುತ್ತಾ ಹೋದರೆ ಗೆಣ್ಣು ಗೆಣ್ಣಿಗೂ ಪಟಾಕಿಯ ಸದ್ದು ಮಾಡುತ್ತಾ ಬುಡದ ತನಕ ಬಿಟ್ಟುಕೊಳ್ಳುತ್ತದೆ. ದಬ್ಬೆಯ ಒಳಮೈ ಹೆರೆದು ತೆಳ್ಳಗೆ ಮಾಡುತ್ತಾರೆ, ಹೊರಗಿನ ಹಸಿರು ಸಿಪ್ಪೆಯನ್ನು ಮುಟ್ಟುವುದಿಲ್ಲ. ಬಿದಿರಿನ ಬಲವೆಲ್ಲ ಆ ಸಿಪ್ಪೆಯಲ್ಲಿದೆ.

ಸತ್ತ ದಬ್ಬೆಯನ್ನು ಎಳೆದು ತೆಗೆದು ಹೊಸದನ್ನು ಹಾಕುತ್ತಾರೆಂದು ನಾನು ಎಣಿಸಿದ್ದೆ. ಅವರು ಹಳೆಯದನ್ನು ತೆಗೆಯಲೇ ಇಲ್ಲ. ಅದರ ಪಕ್ಕಕ್ಕೆ ಅದೇ ಹಾದಿಯಲ್ಲಿ ಹೊಸ ದಬ್ಬೆಯನ್ನು ನುಗ್ಗಿಸಿದರು. ಒಂದರ ಮೇಲೆ, ಒಂದರ ಕೆಳಗೆ. ಹಳೆಯದು ಹಾದಿ ತೋರಿಸಲು ಇರಬೇಕು, ಕಿತ್ತರೆ ನೇಯ್ಗೆಯ ಅಳತೆ ಕೆಡುತ್ತದೆ ಎಂಬುದು ಅವರ ವಿವರಣೆ. ಹೀಗೆ ಮಾಡಿ ಮಾಡಿ ಬುಡದಲ್ಲಿ ಕೆಲವೆಡೆ ಮೂರು ಪೀಳಿಗೆಯ ದಬ್ಬೆಗಳು ಒಟ್ಟಿಗೆ ಕೂತಿದ್ದವು. ಮೂಲ ತೆಪ್ಪದ್ದು ಎಷ್ಟು ಉಳಿದಿದೆ ಎಂದು ಕೇಳಿದೆ. ಒಂದು ಗಳಿಗೆ ನೋಡಿ, ಬಾಯಂಚಿನ ಬಳೆಯ ಒಂದು ಭಾಗವನ್ನು ಮುಟ್ಟಿ, "ಇದು ನಮ್ಮಪ್ಪಂದು" ಎಂದರು.

ಸಾವಿರಾರು ವರ್ಷದ ಕಸುಬು ಎಂಬ ದೊಡ್ಡ ಮಾತು ನನಗೆ ಬೇಡ. ಕೈಗೆ ಸಿಗುವ ಸಾಕ್ಷಿಯೇ ಸಾಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಹೊಳೆ ದಾಟಿಸುವ ದುಂಡನೆಯ ತೆಪ್ಪಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು, ದನ ಕುದುರೆಗಳೂ ಹೋಗುತ್ತವೆ, ಹುಟ್ಟು ಹಾಕಿದರೆ ಬುಗುರಿಯಾಗಿ ತಿರುಗುತ್ತವೆ ಎಂಬ ವಿವರ ಅದರಲ್ಲಿದೆ. ಹೆಣಿಗೆ ಹಾಗೆಯೇ ಉಳಿದು ಹೊದಿಕೆ ಮಾತ್ರ ಬದಲಾಗಿದೆ. ಈ ಯಜಮಾನರ ತಾತನ ಕಾಲದಲ್ಲಿ ಎತ್ತಿನ ತೊಗಲು ಹೊದಿಸುತ್ತಿದ್ದರಂತೆ. ತೊಗಲಿನ ತೆಪ್ಪವನ್ನು ದಿನವೂ ದಡಕ್ಕೆ ಎಳೆದು ಒಣಗಿಸಬೇಕು, ಇಲ್ಲವಾದರೆ ಮೆತ್ತಗಾಗಿ ಕೊಳೆತು ನಾರುತ್ತದೆ. ಆಮೇಲೆ ಡಾಂಬರು ಬಳಿದ ದಪ್ಪ ಬಟ್ಟೆ ಬಂತು, ಹಸಿರು ಕ್ರಾಂತಿಯ ಹಿಂದೆಯೇ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂತು. ಯೂರಿಯಾ ನಮ್ಮ ಮಣ್ಣಿಗೆ ಏನು ಮಾಡಿತು ಎಂಬ ವಾದ ಬೇರೆ. ಅದರ ಚೀಲ ಮಾತ್ರ ಒಳನಾಡಿನ ಮೀನುಗಾರರಿಗೆ ದೊಡ್ಡ ಉಪಕಾರ ಮಾಡಿದೆ.

ಚೀಲ ಹೊಲಿಯುವುದು ಮನೆಯಾಕೆಯ ಕೆಲಸ. ಬಾಯಿ ಬಿಚ್ಚಿ, ತೊಳೆದು ಒಣಗಿಸಿದ ಚೀಲಗಳನ್ನು ದಬ್ಬಳದಲ್ಲಿ ಒಂದಕ್ಕೊಂದು ಸೇರಿಸಿ ಅಗಲದ ಹಾಸು ಮಾಡಿದರು. ಹೊಲಿಗೆಯ ಅಂಚು ಮಡಚಿರಬೇಕು. ಇಲ್ಲದಿದ್ದರೆ ದಾರದ ತೂತಿನಲ್ಲೇ ನೀರು ಜಿನುಗುತ್ತದೆ. ಹಾಸನ್ನು ಬುಟ್ಟಿಯ ಮೇಲೆ ಎಳೆದು, ಸುಕ್ಕನ್ನೆಲ್ಲ ಬಾಯಂಚಿನ ಕಡೆಗೆ ತಳ್ಳಿ, ಒಳಕ್ಕೆ ಮಡಚಿ ಕಟ್ಟುವಾಗ ಮನೆಯವರೆಲ್ಲರ ಕೈಯೂ ಬೇಕಾಯಿತು. ನನ್ನ ಕೈಯೂ. ಸುಕ್ಕು ಬುಡದಲ್ಲಿ ಉಳಿದರೆ ಅಲ್ಲಿಯೇ ಮುಳ್ಳು ಸಿಕ್ಕಿಕೊಳ್ಳುತ್ತದೆ.

ಆ ಮುಳ್ಳಿನ ಬಗ್ಗೆ ಹೇಳಬೇಕು. ಹಿನ್ನೀರು ಇಳಿದಿದ್ದ ವರ್ಷಗಳಲ್ಲಿ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿತ್ತು. ನೀರು ಏರಿದಾಗ ಅದೆಲ್ಲ ಒಳಗೆ ಹೋಯಿತು. ಸತ್ತ ಜಾಲಿಯ ಮುಳ್ಳು ನೀರಲ್ಲಿ ಗಟ್ಟಿಯಾಗಿಯೇ ನಿಂತಿರುತ್ತದೆ. ಅದರ ಜೊತೆಗೆ ಮುಳುಗಿದ ತೋಟಗಳ ಬೇಲಿಯ ಕಲ್ಲುಕಂಬ, ತಂತಿ, ಬೋರ್‌ವೆಲ್‌ನ ಕೇಸಿಂಗ್ ಪೈಪು, ಕಡಿದ ತೆಂಗಿನ ಬುಡ. ಒಂದು ಕಾಲದಲ್ಲಿ ಯಾರದೋ ಆಸ್ತಿಯಾಗಿದ್ದುದೆಲ್ಲ ಈಗ ತೆಪ್ಪದ ಹೊಟ್ಟೆ ಸೀಳಲು ಕಾದಿದೆ. ಯಜಮಾನರಿಗೆ ಕೆಳಗಿನ ಹೊಲಗಳ ನಕ್ಷೆ ಬಾಯಿಪಾಠ. ಇದು ಇಂಥವರ ಬದು, ಇಲ್ಲಿ ಬಾವಿ, ಅಲ್ಲಿ ಗುಡಿಯ ಕಟ್ಟೆ ಎಂದು ನೀರಿನ ಮೇಲೆ ಬೆರಳು ತೋರಿಸುತ್ತಾ ಹೋಗುತ್ತಾರೆ. ಮಗನಿಗೆ ಅದು ಗೊತ್ತಿಲ್ಲ. ಹರಿದ ಬಲೆಗಳಲ್ಲಿ ಹೆಚ್ಚಿನವು ಅವನವು.

ಡಾಂಬರು ಕಾಯಿಸಲು ಮನೆಯಿಂದ ದೂರ ಮೂರು ಕಲ್ಲಿನ ಒಲೆ ಹೂಡಿದ್ದರು. ಹಳೆಯ ಎಣ್ಣೆ ಡಬ್ಬದಲ್ಲಿ ಉಂಡೆ ಡಾಂಬರು ಕರಗಿ ಗುಳ್ಳೆ ಏಳುವಾಗ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ತೆಳುವಾಗಲು ಸ್ವಲ್ಪ ಡೀಸೆಲ್ ಬೆರೆಸಬೇಕು. ಡಬ್ಬವನ್ನು ಒಲೆಯಿಂದ ಇಳಿಸಿ, ದೂರ ಒಯ್ದು, ಆರಿದ ಮೇಲೆಯೇ ಅದನ್ನು ಹನಿಸಿದರು. ಈ ಕ್ರಮ ತಪ್ಪಿ ಮುಖ ಮೈ ಸುಟ್ಟುಕೊಂಡವರು ಊರಿಗೊಬ್ಬರಾದರೂ ಇದ್ದಾರೆ. ಬಳಿಯಲು ತಂದದ್ದು ಪೇಂಟಿನ ಬ್ರಷ್ ಅಲ್ಲ, ತೆಂಗಿನ ಮಟ್ಟೆಯ ತುದಿ ಜಜ್ಜಿ ಮಾಡಿದ ಕುಂಚ. ಬಿಸಿಲು ನೆತ್ತಿಗೆ ಬಂದಾಗ ಬಳಿದ ಡಾಂಬರು ಹೊಲಿಗೆಯ ಸಂದಿಗಳಿಗೆ ತಾನಾಗಿ ಇಳಿಯಿತು. ಮೊದಲ ಕೈ ಒಣಗಿದ ಮೇಲೆ ಎರಡನೆಯ ಹಾಸು, ಮತ್ತೊಂದು ಕೈ. ಕೊನೆಗೆ ಬುಡಕ್ಕೆ ಮಾತ್ರ ನುಣ್ಣನೆಯ ಮರಳು ಎರಚಿದರು. ದಡಕ್ಕೆ ಎಳೆಯುವಾಗ ಅಂಟಬಾರದಲ್ಲ.

ಕರಾವಳಿಯವರಿಗೆ ಇದೆಲ್ಲ ಮಕ್ಕಳಾಟವಾಗಿ ಕಾಣಬಹುದು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ದಡಕ್ಕೆಳೆದ ದೊಡ್ಡ ಬೋಟುಗಳ ಸುತ್ತ ನಡೆದಾಡಿದವರಿಗೆ ರಿಪೇರಿಯ ಇನ್ನೊಂದು ಲೋಕವೇ ಗೊತ್ತಿರುತ್ತದೆ. ಹಲಗೆಗಳ ಸಂದಿಗೆ ಹತ್ತಿ ತುರುಕುವವರು, ಇಂಜಿನ್ ಬಿಚ್ಚಿದವರು, ಬಲೆ ಹೆಣೆಯುವವರು, ಬಣ್ಣದವರು. ಆದರೂ ಒಂದು ಎಳೆ ಎರಡು ಕಡೆಗೂ ಸಾಮಾನ್ಯ. ಕರಾವಳಿಯ ಹಳೆಯ ದೋಣಿಗಳಲ್ಲಿ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದಲೇ ಹೊಲಿಯುತ್ತಿದ್ದರು, ಮರಕ್ಕೆ ಮೀನೆಣ್ಣೆ ಕುಡಿಸುತ್ತಿದ್ದರು. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿಯಬಹುದಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಬಲೆಯ ಕಾಲ ಮುಗಿದ ಮೇಲೆ ಆ ಹೊಲಿಗೆಯವರಿಗೂ ಕೆಲಸ ತಪ್ಪಿತು.

ಈಗ ಫೈಬರಿನ ಮಾತು. ಒಳನಾಡು ಮೀನುಗಾರರಿಗೆ ಫೈಬರ್‌ಗ್ಲಾಸ್ ಹರಿಗೋಲು ಕೊಡುವ ಯೋಜನೆ ಮೀನುಗಾರಿಕೆ ಇಲಾಖೆಯಲ್ಲಿದೆ. ಅದನ್ನು ನಾನು ಹಳಿಯುವುದಿಲ್ಲ. ಕೊಳೆಯದು, ಹುಳ ತಿನ್ನದು, ವರ್ಷ ವರ್ಷ ಡಾಂಬರಿನ ಹೊಗೆ ಕುಡಿಯಬೇಕಿಲ್ಲ. ಯುವಕರಿಗೆ ಅದೇ ಬೇಕು, ಬೇಕಾದದ್ದು ಸರಿಯೂ ಹೌದು. ತೊಂದರೆ ಇರುವುದು ಅದು ಬಿರುಕು ಬಿಟ್ಟ ದಿನ. ಗಾಜಿನ ನಾರಿನ ಹಾಸು, ರಾಳ, ಅದನ್ನು ಗಟ್ಟಿಗೊಳಿಸುವ ರಾಸಾಯನಿಕ ಇಷ್ಟೂ ಬೇಕು. ಬೆರಕೆಯ ಅಳತೆ ತಪ್ಪಿದರೆ ಒಂದೋ ಹಿಡಿಯುವುದಿಲ್ಲ, ಒಂದೋ ಸಿಡಿಯುತ್ತದೆ. ಆ ಊರಿನಲ್ಲಿ ಅಂಥದೊಂದು ಫೈಬರ್ ತೆಪ್ಪವನ್ನು ನೋಡಿದೆ. ಕಲ್ಲುಕಂಬಕ್ಕೆ ಬಡಿದು ಹೊಟ್ಟೆಯಲ್ಲಿ ಬಿರುಕು ಬಿಟ್ಟಿತ್ತು. ಸುತ್ತಮುತ್ತ ಅದನ್ನು ಸರಿಮಾಡುವವರು ಸಿಗಲಿಲ್ಲವೆಂದು ಎಮ್ಮೆಗೆ ನೀರು ಕುಡಿಸುವ ಬಾನಿ ಮಾಡಿಕೊಂಡಿದ್ದರು. ಬಿದಿರಿನ ತೆಪ್ಪ ಕೋಳಿಗೂಡಾಗಿ ಮತ್ತೆ ತೆಪ್ಪವಾಯಿತು. ಈ ಬಾನಿ ಬಾನಿಯಾಗಿಯೇ ಉಳಿಯುತ್ತದೆ. ಮನೆಯಂಗಳದಲ್ಲಿ ಸರಿಮಾಡಿಕೊಳ್ಳಲಾಗದ ಸಲಕರಣೆಯನ್ನು ಬಡವನ ಕೈಗೆ ಕೊಟ್ಟರೆ ಅರ್ಧ ಕೊಟ್ಟ ಹಾಗೆ ಎಂದು ನನಗೆ ಅನ್ನಿಸಿದ್ದು ಅಲ್ಲಿ.

ತೆಪ್ಪ ನೀರಿಗಿಳಿಸುವ ಬೆಳಿಗ್ಗೆ ನಾವು ಮತ್ತೆ ಹೋದೆವು. ಬಾಯಂಚಿಗೆ ಅರಿಶಿನ ಕುಂಕುಮ, ದಡದಲ್ಲಿ ಗಂಗಮ್ಮನಿಗೆ ಒಂದು ಕಾಯಿ. ಹೊಸದಾಗಿ ಬಳಿದ ತೆಪ್ಪವನ್ನು ಮೊದಲು ಖಾಲಿಯಾಗಿ ಬಿಟ್ಟು, ಒಳಗೆ ಬೂದಿ ಎರಚಿದರು. ಒಣ ಬೂದಿ ಎಲ್ಲಿ ಕಪ್ಪಾಗುತ್ತದೋ ಅಲ್ಲಿ ಜಿನುಗು ಇದೆ ಎಂದರ್ಥ. ಒಂದು ಕಡೆ ಕಪ್ಪಾಯಿತು. ದಡಕ್ಕೆಳೆದು, ಒರೆಸಿ, ಚೀಲದ ತುಂಡೊಂದನ್ನು ಬಿಸಿ ಡಾಂಬರಿನಲ್ಲಿ ಅಂಟಿಸಿ, ಒಣಗುವ ತನಕ ಎಲ್ಲರೂ ಮಂಡಕ್ಕಿ ತಿಂದೆವು.

ನನ್ನನ್ನೂ ಕೂರಿಸಿಕೊಂಡು ಹೋದರು. ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನು ಕೂತ ಕಡೆಯೇ ಮುಂದು. ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿದರೆ ನೇರ ಹೋಗುತ್ತದೆ, ಒಂದೇ ಕಡೆ ಹಾಕಿದರೆ ಇದ್ದಲ್ಲೇ ಸುತ್ತುತ್ತದೆ. ಮುಳುಗಿದ ಜಾಲಿಯ ಕೊಂಬೆಯೊಂದು ಬುಡಕ್ಕೆ ತಾಗಿದಾಗ ಗಟ್ಟಿ ದೋಣಿಯಾದರೆ ಬಡಿದ ಸದ್ದು ಬರಬೇಕಿತ್ತು. ಇಲ್ಲಿ ಬುಟ್ಟಿ ಒಳಕ್ಕೆ ತುಸು ತಗ್ಗಿ, ಕೊಂಬೆಯನ್ನು ಜಾರಿಸಿ, ಮತ್ತೆ ನೆಟ್ಟಗಾಯಿತು. ನನ್ನ ಪಾದದ ಕೆಳಗೇ ಅದು ಗೊತ್ತಾಯಿತು. ಹಿಂದಿನ ಸಂಜೆ ಬೇರೆಯವರ ತೆಪ್ಪದಲ್ಲಿ ಹೋಗಿ ಬಿಟ್ಟಿದ್ದ ಬಲೆಯನ್ನು ಮಗ ಎತ್ತಿದ. ಜಿಲೇಬಿ ಮೀನೇ ಹೆಚ್ಚು, ಜೊತೆಗೆ ಒಂದು ಕಾಟ್ಲಾ, ಎರಡು ಗೆಂಡೆ. ಹಿರಿಯೂರಿನ ವ್ಯಾಪಾರಿ ದಡದಲ್ಲೇ ತಕ್ಕಡಿ ಹಿಡಿದು ನಿಂತಿದ್ದ. ಆ ದಿನದ ಹಣ ಡಾಂಬರಿನ ಸಾಲಕ್ಕೆ ಹೋಯಿತು.

ಅಷ್ಟು ಹೊತ್ತು ನೀರಿನ ಮೇಲಿದ್ದರೂ ನಮ್ಮ ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಕೇಳಿದರೆ ಯಜಮಾನರು ಈಜು ಬಲ್ಲೆ ಎಂದರು. ಬಲೆ ಕಾಲಿಗೆ ಸುತ್ತಿಕೊಂಡರೆ, ಜಾಲಿಯ ಮೆಳೆಯಲ್ಲಿ ಬಟ್ಟೆ ಸಿಕ್ಕಿಕೊಂಡರೆ ಈಜು ಕೆಲಸಕ್ಕೆ ಬರುವುದಿಲ್ಲ. ತೆಪ್ಪ ಮಗುಚಿದ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ.

ಮೀನುಗಾರಿಕೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಹರಿಗೋಲಿಗೆ ಸಹಾಯಧನ ಕೊಡುವ ಹಾಗೆಯೇ ಹಳೆಯದರ ರಿಪೇರಿಗೂ ಕೊಡಿ. ನಾಲ್ಕು ಬಿದಿರಿನ ಗಳ, ಒಂದು ಡಬ್ಬ ಡಾಂಬರು, ಒಂದು ಕಟ್ಟು ಹುರಿ. ಫೈಬರ್ ಕೊಟ್ಟ ಊರುಗಳಲ್ಲಿ ಒಬ್ಬ ಹುಡುಗನಿಗಾದರೂ ಅದರ ಬಿರುಕು ಮುಚ್ಚುವುದನ್ನು ಕಲಿಸಿ. ಯಾವುದೇ ತೆಪ್ಪದ ಜೊತೆ ಎರಡು ಜಾಕೆಟ್ ಕಡ್ಡಾಯವಾಗಲಿ. ಮಾರಿಕಣಿವೆ ನೋಡಲು ಹೋಗುವ ಓದುಗರಿಗೂ ಒಂದು ಮಾತು: ದಡದಲ್ಲಿ ಯಾರಾದರೂ ಪ್ರೀತಿಯಿಂದ ತೆಪ್ಪ ಹತ್ತಿ ಎಂದರೆ ಮೊದಲು ಜಾಕೆಟ್ ಕೇಳಿ, ಇಲ್ಲವೆಂದರೆ ಹತ್ತಬೇಡಿ.